ಓದದೆಯೇ ಅನಕೃಗೆ ಮಾರ್ಕ್ಸ್ ಕೊಟ್ಟವರು

ಕುಮಾರಸ್ವಾಮಿ ಲೇಔಟಿನಲ್ಲಿ ನಾವು ಏಳೆಂಟು ಜನ ತಿಂಗಳಿಗೊಮ್ಮೆ ಒಂದು ಕಾದಂಬರಿ ಹಿಡಿದು ಕೂರ್ತೀವಿ. ಹೆಚ್ಚಿನವರು ಇದೇ ಏರಿಯಾದ ಕಾಲೇಜುಗಳಲ್ಲಿ ಓದಿದವರು, ಒಂದಿಬ್ಬರು ಇನ್ನೂ ಓದ್ತಿರೋರು. ಹೋದ ತಿಂಗಳು ನಾನು ಅನಕೃ ಅವರ 'ಸಂಧ್ಯಾರಾಗ' ಓದೋಣ ಅಂದೆ. ಪ್ರಸ್ತಾಪ ಎರಡು ನಿಮಿಷ ಕೂಡ ಬದುಕಲಿಲ್ಲ. ಒಬ್ಬರಿಗೆ ಲೇಖಕರ ಜಾತಿ ಅಡ್ಡ ಬಂತು. ಇನ್ನೊಬ್ಬರಿಗೆ, ಗಂಡಸೊಬ್ಬ ವೇಶ್ಯೆಯರ ಬದುಕಿನ ಬಗ್ಗೆ ಸಾಲು ಸಾಲು ಕಾದಂಬರಿ ಬರೆದದ್ದೇ ಸರಿಕಾಣಲಿಲ್ಲ. ಮತ್ತೊಬ್ಬರಿಗೆ ಅವರು ಕನ್ನಡ ಹೋರಾಟದ ಐಕಾನ್ ಅನ್ನೋದು ಅಲರ್ಜಿ. ಅದೇ ಕಾರಣಕ್ಕೆ ಬೆಂಬಲಿಸಿದ ಒಬ್ಬ ಗೆಳೆಯನೂ ಇದ್ದ. ಪುಸ್ತಕವನ್ನ ಮಾತ್ರ ಯಾರೂ ಓದಿರಲಿಲ್ಲ. ನಾನೂ ಅರ್ಧ ಓದಿ ಇಟ್ಟಿದ್ದೆ, ಅದನ್ನ ಅಲ್ಲಿ ಹೇಳಲಿಲ್ಲ.

ಬೇಜಾರಾಗಿದ್ದು ಪ್ರಸ್ತಾಪ ಬಿದ್ದದ್ದಕ್ಕಲ್ಲ. ಎಂಜಿನಿಯರಿಂಗ್ ಮಾಡುವಾಗ ನಾನೂ ಹಾಗೇ ಇದ್ದೆ. ಸಾಫ್ಟ್‌ವೇರ್ ಕೊಳ್ಳೋಕೆ ಮುಂಚೆ ಸ್ಪೆಸಿಫಿಕೇಶನ್ ನೋಡೋ ಹಾಗೆ, ಕಾದಂಬರಿಕಾರರ ನಿಲುವು ಏನು, ಯಾವ ಕಡೆಯವರು ಅಂತ ಮೊದಲೇ ವಿಚಾರಿಸಿಕೊಂಡು ಓದ್ತಿದ್ದೆ. ಓದಿ ಮುಗಿದ ಮೇಲೆ ನನಗೆ ಮೊದಲೇ ಗೊತ್ತಿದ್ದದ್ದೇ ಗೊತ್ತಾಗ್ತಿತ್ತು. ಈ ಅಭ್ಯಾಸಕ್ಕೆ ಕನ್ನಡದಲ್ಲಿ ಒಂದು ಚರಿತ್ರೆ ಇದೆ. ಅದನ್ನ ಬೆಳೆಸಿದವರಲ್ಲಿ ಅನಕೃ ದೊಡ್ಡವರು, ಅದರಿಂದ ಪೆಟ್ಟು ತಿಂದವರಲ್ಲೂ ದೊಡ್ಡವರು. ಅವರ ಬದುಕನ್ನ ಈ ಒಂದು ಎಳೆ ಹಿಡಿದು ನೋಡೋಣ.

ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಹುಟ್ಟಿದ್ದು 1908ರ ಮೇ 9ರಂದು, ಕೋಲಾರದಲ್ಲಿ. ಅರಕಲಗೂಡು ಹಾಸನ ಜಿಲ್ಲೆಯದು, ಮನೆತನದ ಊರು. ಬದುಕು ಕಟ್ಟಿಕೊಂಡದ್ದು ಬೆಂಗಳೂರಿನಲ್ಲಿ. ವಿ.ವಿ. ಪುರಂ ತಿಂಡಿ ಬೀದಿಗೆ ಹೋಗೋರು ಆ ಸುತ್ತಮುತ್ತ ಎ.ಎನ್. ಕೃಷ್ಣರಾವ್ ರಸ್ತೆ ಅನ್ನೋ ಬೋರ್ಡ್ ನೋಡಿರ್ತೀರಿ. ಅದು ಇವರದೇ ಹೆಸರು. ಇಂಗ್ಲಿಷ್ ಇನಿಷಿಯಲ್‌ನಲ್ಲಿ ಬರೆದರೆ ಕನ್ನಡದ ಅನಕೃ ಗುರುತೇ ಸಿಗಲ್ಲ, ಅದು ಬೇರೆ ಮಾತು.

ಶುರುವಿನಲ್ಲಿ ನಾಟಕ ಬರೆದರು, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆಗಳ ಸಂಪಾದಕರಾಗಿ ದುಡಿದರು. 1934ರಲ್ಲಿ ಮೊದಲ ಕಾದಂಬರಿ 'ಜೀವನಯಾತ್ರೆ' ಬಂತು. ಅಲ್ಲಿಂದ ನಿಲ್ಲಲಿಲ್ಲ. ನೂರಕ್ಕೂ ಹೆಚ್ಚು ಕಾದಂಬರಿ, ಅದರ ಜೊತೆ ಕಥೆ, ನಾಟಕ, ವಿಮರ್ಶೆ, ಜೀವನಚರಿತ್ರೆ. ಕನ್ನಡದಲ್ಲಿ ಬರೆದೇ ಬದುಕ್ತೀನಿ ಅಂತ ಹೊರಟವರು ಆಗ ಬೆರಳೆಣಿಕೆಯಷ್ಟು. ಮೇಷ್ಟ್ರ ಕೆಲಸವೋ ಸರ್ಕಾರಿ ನೌಕರಿಯೋ ಇಟ್ಟುಕೊಂಡು ಸಂಜೆ ಹೊತ್ತು ಬರೆಯೋದೇ ವಾಡಿಕೆ. ಅನಕೃ ಪೆನ್ನನ್ನೇ ನೆಚ್ಚಿಕೊಂಡರು. ಪೆನ್ನು ನೆಚ್ಚಿಕೊಂಡವರಿಗೆ ಪ್ರಕಾಶಕರ ಗಡಿಯಾರ ಅನ್ವಯ ಆಗುತ್ತೆ, ಈ ಮಾತಿಗೆ ಮತ್ತೆ ಬರ್ತೀನಿ.

ಮೊದಲ ಘಟ್ಟದ ಅವರ ಒಳ್ಳೆಯ ಕಾದಂಬರಿಗಳೆಲ್ಲ ಕಲಾವಿದರ ಮೇಲಿನವು. 'ಉದಯರಾಗ' ಚಿತ್ರಕಾರನದು, 'ಸಂಧ್ಯಾರಾಗ' ಸಂಗೀತಗಾರನದು, 'ನಟಸಾರ್ವಭೌಮ' ರಂಗಭೂಮಿಯವನದು. ಸಂಗೀತ ಅವರಿಗೆ ಶೋಕಿ ಆಗಿರಲಿಲ್ಲ, ಅದರ ಒಳಹೊರಗು ಗೊತ್ತಿತ್ತು. 'ಸಂಧ್ಯಾರಾಗ'ದ ಲಕ್ಷ್ಮಣ ಮನೆಯವರಿಗೆ ಅರ್ಥವಾಗದ ಹುಡುಗ, ಅವನ ತಲೆಯಲ್ಲಿ ಸ್ವರ ಬಿಟ್ಟರೆ ಬೇರೇನೂ ಓಡಲ್ಲ. ಆ ಕಾದಂಬರಿಗೆ ಸಂದೇಶ ಏನು ಅಂತ ಕೇಳಿದರೆ ಉತ್ತರ ಹೇಳೋದು ಕಷ್ಟ. 1966ರಲ್ಲಿ ರಾಜ್‌ಕುಮಾರ್ ಅಭಿನಯದಲ್ಲಿ ಸಿನಿಮಾ ಆಯ್ತು, ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಹಾಡಿದರು. ಜನಕ್ಕೆ ಇವತ್ತಿಗೂ ನೆನಪಿರೋದು ಅದೇ.

ಸಂದೇಶದ ಪ್ರಶ್ನೆ ಬಂದಿದ್ದು ನಲವತ್ತರ ದಶಕದಲ್ಲಿ. 1936ರಲ್ಲಿ ಲಖನೌದಲ್ಲಿ ಪ್ರೇಮಚಂದ್ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರು ಸೇರಿದ್ದರು. ಆ ಗಾಳಿ ಕನ್ನಡಕ್ಕೂ ಬಂತು, ಇಲ್ಲಿ ಮುಂದಾಳತ್ವ ವಹಿಸಿದವರು ಅನಕೃ. ತ.ರಾ.ಸು, ನಿರಂಜನ, ಬಸವರಾಜ ಕಟ್ಟೀಮನಿ, ಚದುರಂಗ ಎಲ್ಲ ಆ ಬಳಗದವರು. ನವೋದಯದವರು ಪ್ರಕೃತಿ, ದೈವ, ಸೌಂದರ್ಯ ಅಂತ ಕೂತಿದ್ದಾರೆ, ಹೊರಗೆ ಯುದ್ಧ, ಹಸಿವು, ಕಾಳಸಂತೆ ಇದೆ, ಸಾಹಿತ್ಯ ಬೀದಿಗೆ ಬರಬೇಕು ಅನ್ನೋದು ಅವರ ವಾದ. ನ್ಯಾಯವಾದ ವಾದವೇ. ಕೃತಿ ಯಾರ ಪರ, ಯಾರ ವಿರುದ್ಧ ಅಂತ ಮೊದಲು ಕೇಳುವ ರೂಢಿ ಕನ್ನಡದಲ್ಲಿ ಗಟ್ಟಿಯಾದದ್ದು ಆಗ. ಕಾದಂಬರಿ ಹಳ್ಳಿ ಮನೆಗಳಿಗೆ, ಸಾಹಿತ್ಯದ ಗಂಧಗಾಳಿ ಇಲ್ಲದ ಓದುಗರಿಗೆ ತಲುಪಿದ್ದೂ ಆಗಲೇ. ಇವೆರಡನ್ನೂ ಬಿಡಿಸಿ ನೋಡೋಕೆ ಆಗಲ್ಲ.

ಐವತ್ತರ ದಶಕದ ಹೊತ್ತಿಗೆ ಅನಕೃ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದರು. ಮೂರೂ ವೇಶ್ಯಾವೃತ್ತಿಯ ಸುತ್ತ ಹೆಣೆದವು. ಗಲಾಟೆ ಎದ್ದಿತು. ಅಶ್ಲೀಲ ಅಂದರು, ಯುವಕರನ್ನ ಕೆಡಿಸ್ತಾರೆ ಅಂದರು. ಸಂಪ್ರದಾಯಸ್ಥರು ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ಪ್ರಗತಿಶೀಲರ ನಡುವೆಯೂ ಇರುಸುಮುರುಸಾಯ್ತು. ಜನಪರ ಸಾಹಿತ್ಯದ ನಾಯಕ ಮೈಮಾರುವ ಕಥೆ ಬರೆದರೆ ಚಳವಳಿಗೆ ಏನು ಹೆಸರು ಅನ್ನೋ ಮುಜುಗರ. ಉರ್ದುವಿನಲ್ಲೂ ಇದೇ ನಡೆದಿತ್ತು. ಮಂಟೋ ಮೇಲೆ ಅಶ್ಲೀಲತೆಯ ಕೇಸುಗಳು ಒಂದು ಕಡೆ, ಪ್ರಗತಿಶೀಲರೇ ದೂರ ಇಟ್ಟದ್ದು ಇನ್ನೊಂದು ಕಡೆ. ಯಾವ ಕಡೆಯವನು ಅಂತ ಹೇಳೋಕಾಗದ ಲೇಖಕ ಎರಡೂ ಕಡೆಯವರಿಗೆ ತಲೆನೋವು.

ಅನಕೃ ಸುಮ್ಮನಿರಲಿಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಅಂತ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ನನಗೆ ಆ ಜಗಳದಲ್ಲಿ ಕಾಣೋದು ಬೇರೆ. ಬೈದವರು, ಈ ಕಾದಂಬರಿಗಳು ಸಮಾಜಕ್ಕೆ ಕೆಟ್ಟದ್ದು ಅಂದರು. ಪರ ನಿಂತವರು, ಸಮಾಜದ ಹುಣ್ಣನ್ನ ತೋರಿಸ್ತಾವೆ, ಆದ್ದರಿಂದ ಒಳ್ಳೇದು ಅಂದರು. ಎರಡೂ ಕಡೆಯವರು ಒಂದೇ ತಕ್ಕಡಿ ಹಿಡಿದಿದ್ದರು. ಆ ಹೆಂಗಸರು ಪುಟದ ಮೇಲೆ ಉಸಿರಾಡ್ತಾರಾ, ಮಾತು ಅವರದಾ ಇಲ್ಲ ಲೇಖಕರದಾ, ಯಾವ ಅಧ್ಯಾಯ ನಿಂತಿದೆ ಯಾವುದು ಕುಸಿದಿದೆ ಅನ್ನೋ ಚರ್ಚೆ ಗಲಾಟೆಯಲ್ಲಿ ಮುಳುಗಿಹೋಯ್ತು. ನನ್ನ ಓದಿನಲ್ಲಿ ಹೇಳೋದಾದರೆ, ಅಲ್ಲಿ ಅಶ್ಲೀಲತೆಗಿಂತ ಭಾಷಣ ಜಾಸ್ತಿ. ಪಾತ್ರ ಬಾಯಿ ಬಿಟ್ಟರೆ ಅನಕೃ ಕೇಳಿಸ್ತಾರೆ. ಹೆಂಗಸರ ಬಗ್ಗೆ ಗಂಡಸು ಬರೆಯಬಾರದು ಅಂತಲ್ಲ, ಇಲ್ಲಿ ಗಂಡಸು ಕಿವಿಗೊಡೋದಕ್ಕಿಂತ ಹೆಚ್ಚು ಮಾತಾಡಿದ್ದಾನೆ ಅಂತ. ಈ ಮಾತು ಹೇಳೋಕೆ ಪುಟ ತಿರುವಲೇಬೇಕು, ಹೆಸರು ನೋಡಿ ಹೇಳೋಕಾಗಲ್ಲ.

ಹಾಗಂತ ಸಂದೇಶ ಇದ್ದರೆ ಕಾದಂಬರಿ ಕೆಡುತ್ತೆ ಅನ್ನೋದನ್ನೂ ನಾನು ಒಪ್ಪಲ್ಲ. ಬಳಗದಿಂದ ಆಮೇಲೆ ಬೇರೆ ದಾರಿ ಹಿಡಿದ ನಿರಂಜನರ 'ಚಿರಸ್ಮರಣೆ' ನೋಡಿ, 1955ರದು. ಕಾಸರಗೋಡಿನ ಕಯ್ಯೂರಿನಲ್ಲಿ ನಡೆದ ರೈತ ಹೋರಾಟ, 1943ರಲ್ಲಿ ಗಲ್ಲಿಗೇರಿದ ನಾಲ್ವರು ಯುವಕರು. ಪಕ್ಷ ಯಾವುದು ಅನ್ನೋದನ್ನ ಅದು ಒಂದು ಸಾಲಿನಲ್ಲೂ ಮುಚ್ಚಿಡಲ್ಲ. ಆದರೂ ಮೇಷ್ಟ್ರ ಹಿಂದೆ ಓಡಾಡುವ ಆ ಇಬ್ಬರು ಹುಡುಗರು ಮೊದಲು ಹುಡುಗರು, ಆಮೇಲೆ ಕ್ರಾಂತಿಕಾರಿಗಳು. ಇನ್ನೂ ಹಿಂದೆ ಹೋದರೆ 1209ರ ಜನ್ನನ 'ಯಶೋಧರ ಚರಿತೆ'. ಹಿಟ್ಟಿನ ಕೋಳಿಯನ್ನ ಕಡಿದರೂ ಹಿಂಸೆಯೇ ಅನ್ನೋದು ಅದರ ಧರ್ಮಬೋಧೆ. ಎಂಟುನೂರು ವರ್ಷ ಕನ್ನಡಿಗರ ನಿದ್ದೆ ಕೆಡಿಸಿದ್ದು ಮಾತ್ರ ಕುರೂಪಿ ಮಾವುತನ ಹಾಡಿಗೆ ಮನಸೋತ ರಾಣಿ ಅಮೃತಮತಿ.

ಇನ್ನು ಪ್ರಕಾಶಕರ ಗಡಿಯಾರ. ಐವತ್ತು ಅರವತ್ತರ ದಶಕ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲ. ದಿನಕ್ಕಿಷ್ಟು ಬಾಡಿಗೆ ಕೊಟ್ಟು ಕಾದಂಬರಿ ಒಯ್ಯೋ ಓದುಗರು ಮುಖಪುಟದಲ್ಲಿ ಅನಕೃ ಅಂತಿದ್ದರೆ ಒಳಗೇನಿದೆ ಅಂತ ಕೇಳ್ತಿರಲಿಲ್ಲ. ಹೆಸರೇ ಗ್ಯಾರಂಟಿ. ಹೆಸರು ಓಡುತ್ತೆ ಅಂದಾಗ ಮುಂದಿನ ಹಸ್ತಪ್ರತಿ ಬೇಗ ಬರಬೇಕು. ಎರಡನೇ ಸಲ ತಿದ್ದೋಕೆ ಪುರುಸೊತ್ತಿಲ್ಲ. ನೂರರಲ್ಲಿ ಎಷ್ಟೋ ಕಾದಂಬರಿಗಳು ಅವಸರದ ಅಡುಗೆ, ಅದನ್ನ ಅವರ ಅಭಿಮಾನಿಗಳೂ ಒಪ್ತಾರೆ. ಲೇಖಕರ ಗುರುತು ನೋಡಿ ತಿರಸ್ಕರಿಸೋದನ್ನ ನಾವು ಅನ್ಯಾಯ ಅಂತೀವಿ, ಗುರುತು ನೋಡಿ ಕೊಳ್ಳೋದೂ ಬರಹಗಾರನಿಗೆ ಮಾಡುವ ಅನ್ಯಾಯವೇ. ನನ್ನ ಪ್ರಕಾರ ಅನಕೃಗೆ ಹೆಚ್ಚು ನಷ್ಟ ಮಾಡಿದ್ದು ಎರಡನೆಯದು.

ಅದೇ ಲೈಬ್ರರಿಗಳ ಅದೇ ಶೆಲ್ಫಿನಲ್ಲಿ ತ್ರಿವೇಣಿಯೂ ಇದ್ದರು. ಮನಶ್ಶಾಸ್ತ್ರ ಓದಿದವರು, ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 'ಶರಪಂಜರ'ದಲ್ಲಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಂಗಸನ್ನ ಮನೆ, ಬೀದಿ, ಗಂಡ ಹೇಗೆ ಮತ್ತೆ ಹುಚ್ಚಿ ಮಾಡ್ತಾರೆ ಅಂತ ಒಬ್ಬ ವೈದ್ಯೆಯ ತಾಳ್ಮೆಯಿಂದ ಬರೆದಿದ್ದಾರೆ. ಆ ತಲೆಮಾರಿನ ಹೆಂಗಸರ ಬರವಣಿಗೆಗೆಲ್ಲ ಕನ್ನಡ ವಿಮರ್ಶೆ ಅಡುಗೆಮನೆ ಸಾಹಿತ್ಯ ಅನ್ನೋ ಲೇಬಲ್ ಅಂಟಿಸಿತು. ಲೇಬಲ್ ಬಿದ್ದ ಡಬ್ಬಿಯನ್ನ ಯಾರು ತೆಗೆದು ನೋಡ್ತಾರೆ? ಯಾರು ಬರೆದರು ಅನ್ನೋದು ಮುಖ್ಯವಲ್ಲ ಅಂತ ಉಪದೇಶ ಮಾಡುವ ಹಿರಿಯರು ಇದನ್ನ ನೆನಪಿಡಬೇಕು. ಲೇಖಕರ ಗುರುತು ನೋಡಿ ಅಳೆಯುವ ಪದ್ಧತಿಯನ್ನ ನಮ್ಮ ಪೀಳಿಗೆ ಕಂಡುಹಿಡಿದಿದ್ದಲ್ಲ. ಹಿಂದೆ ಅದನ್ನ ಹೆಸರಿಟ್ಟು ಕರೀತಿರಲಿಲ್ಲ ಅಷ್ಟೇ.

ಅನಕೃ ಬದುಕಿನ ಕೊನೆಯ ಘಟ್ಟ ಬೀದಿಯದು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೆಂಗಳೂರಿನಲ್ಲಿ ಕನ್ನಡಕ್ಕೇ ಜಾಗ ಇಲ್ಲ ಅಂತ, ರಾಮೋತ್ಸವದ ಸಂಗೀತ ವೇದಿಕೆಗಳಲ್ಲಿ ಕನ್ನಡದ ಕಲಾವಿದರನ್ನ ಕಡೆಗಣಿಸ್ತಾರೆ ಅಂತ ಪ್ರತಿಭಟನೆಗೆ ಇಳಿದರು. ಆಮೇಲೆ ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿ ಅಂಥವರು ಜೊತೆಗಿದ್ದರು. ಆ ಹೋರಾಟ ಇಲ್ಲದಿದ್ದರೆ ಈ ಊರಿನ ಕಥೆ ಬೇರೆ ಇರ್ತಿತ್ತು, ನನಗೆ ಅದರಲ್ಲಿ ಅನುಮಾನ ಇಲ್ಲ. ಪರಿಣಾಮ ಏನಾಯ್ತು ಅಂದ್ರೆ, ಹೋರಾಟಗಾರ ಅನಕೃ ಫೋಟೋ ಆಗಿ ಗೋಡೆಗೆ ಹೋದರು, ಕಾದಂಬರಿಕಾರ ಅನಕೃ ಗೋದಾಮಿಗೆ ಹೋದರು.

ಅಷ್ಟರಲ್ಲಿ ನವ್ಯದವರು ಬಂದಿದ್ದರು. ಅವರ ಪ್ರಕಾರ ಪ್ರಗತಿಶೀಲರದ್ದು ಘೋಷಣೆ, ಕಲೆ ಅಲ್ಲ. ಮೊದಲು ನೀತಿ ಸಾಲದು ಅಂತ ಫೇಲಾದ ಮನುಷ್ಯ ಈಗ ನೀತಿ ಜಾಸ್ತಿಯಾಯ್ತು ಅಂತ ಫೇಲಾದರು. ಗಮ್ಮತ್ತು ಅಂದ್ರೆ ನವ್ಯದವರಿಗೂ ಅದೇ ಕಾಯ್ದಿತ್ತು. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದಾಗ ಬ್ರಾಹ್ಮಣ್ಯಕ್ಕೆ ಅವಮಾನ ಅಂತ ಕೂಗೆದ್ದಿತು. ಸಿನಿಮಾ ಆದಾಗ ಮದ್ರಾಸಿನ ಸೆನ್ಸಾರ್ ತಡೆಹಿಡಿಯಿತು, ಬಿಡುಗಡೆ ಆದ ಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು.

ಅನಕೃ 1971ರ ಜುಲೈ 8ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಅರವತ್ಮೂರು ವರ್ಷ. 'ಬರಹಗಾರನ ಬದುಕು' ಅಂತ ತಮ್ಮ ಕಥೆ ಬರೆದಿಟ್ಟಿದ್ದಾರೆ.

2025ರ ಮೇ ತಿಂಗಳಲ್ಲಿ ಅದೇ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ಗೆ. ಹನ್ನೆರಡು ಕಥೆಗಳು. ನಾಲ್ಕು ತಿಂಗಳ ಬಳಿಕ ಅವರು ದಸರಾ ಉದ್ಘಾಟಿಸಬಹುದಾ ಅನ್ನೋ ಪ್ರಶ್ನೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಯ್ತು, ಎರಡೂ ಕಡೆ ಅರ್ಜಿ ವಜಾ ಆಯ್ತು. ಆ ವಾರಗಳಲ್ಲಿ ನಾನು ವಿರೋಧಿಗಳ ಪೋಸ್ಟ್ ಓದಿದೆ, ಬೆಂಬಲಿಗರ ಪೋಸ್ಟ್ ಓದಿದೆ, ಎರಡು ಅಂಕಣ ನಾನೇ ಬರೆದೆ. ಅವರ ಧರ್ಮ, ವಕೀಲಿಕೆ, ಹೋರಾಟ ಎಲ್ಲದರ ಬಗ್ಗೆ ಬರೆದೆ. ಹನ್ನೆರಡರಲ್ಲಿ ಒಂದು ಕಥೆಯ ಹೆಸರೂ ನನ್ನ ಅಂಕಣದಲ್ಲಿ ಇರಲಿಲ್ಲ. ಅವರ ಪರವಾಗಿಯೇ ಬರೆದಿದ್ದೆ.

ನಮ್ಮ ಗುಂಪಿನಲ್ಲಿ ಈ ತಿಂಗಳು ಮತ್ತೆ 'ಸಂಧ್ಯಾರಾಗ' ಎತ್ತಿದೆ. ಈ ಸಲ ಪೂರ್ತಿ ಓದಿಕೊಂಡು ಹೋಗಿದ್ದೆ. ಜಾತಿಯ ಪ್ರಶ್ನೆ ಎತ್ತಿದ್ದವಳೇ ಪ್ರತಿ ಎಲ್ಲಿ ಸಿಗುತ್ತೆ ಅಂತ ಕೇಳಿದಳು. ಸಂಗೀತವನ್ನ ಆ ಮನೆಗಳವರು ಹೇಗೆ ತಮ್ಮದು ಮಾಡಿಕೊಂಡರು ಅಂತ ನೋಡಬೇಕಂತೆ, ಜಗಳ ಆಡೋಕೆ ಪುಟದ ನಂಬರ್ ಬೇಕಂತೆ. ಮುಂದಿನ ತಿಂಗಳಿಗೆ ಅದೇ ಅಂತ ಆಗಿದೆ. ಸದ್ಯಕ್ಕೆ ನಮ್ಮ ಎಂಟು ಜನಕ್ಕೆ ಎರಡು ಪ್ರತಿ ಸಿಕ್ಕಿವೆ.