ಬಾಲಗಂಧರ್ವ

ನಾರಾಯಣ ಶ್ರೀಪಾದ ರಾಜಹಂಸ (ಜೂನ್ 26, 1888 – ಜುಲೈ 15, 1967) ಅವರು ಬಾಲಗಂಧರ್ವ ಎಂಬ ಹೆಸರಿನಿಂದ ಪ್ರಸಿದ್ಧರಾದ ಮರಾಠಿ ಸಂಗೀತ ನಾಟಕದ ಗಾಯಕ ಹಾಗೂ ನಟರು. ಮಹಿಳೆಯರು ರಂಗವೇರುವುದು ಅಪರೂಪವಾಗಿದ್ದ ಕಾಲದಲ್ಲಿ ಸ್ತ್ರೀಪಾತ್ರಗಳಿಗೆ ಇವರು ತಂದುಕೊಟ್ಟ ಘನತೆ ಮರಾಠಿ ರಂಗಭೂಮಿಯನ್ನು ದಾಟಿ ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳ ಮೇಲೂ ಪ್ರಭಾವ ಬೀರಿತು. ಪುತ್ರಿಯು ತೀರಿಕೊಂಡ ದಿನವೇ ರಂಗದ ಮೇಲೆ ಹಾಡಿದ ನಟರೆಂದು ಇವರನ್ನು ಇಂದಿಗೂ ಸ್ಮರಿಸಲಾಗುತ್ತದೆ.

ಆರಂಭಿಕ ಜೀವನ

ಬಾಲ್ಯದಲ್ಲಿಯೇ ಇವರ ಗಾಯನವನ್ನು ಕೇಳಿ ಮೆಚ್ಚಿದ ಲೋಕಮಾನ್ಯ ಬಾಲಗಂಗಾಧರ ತಿಲಕರು ಬಾಲಗಂಧರ್ವ ಎಂದು ಕರೆದರೆಂಬುದು ಪ್ರಸಿದ್ಧವಾಗಿದೆ. ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯವೂ ಇವರಿಗೆ ದೊರೆಯಿತು. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿ, ಮೀರಜಿನಲ್ಲಿ ಶಕುಂತಲೆಯ ಪಾತ್ರದಿಂದ ರಂಗಪ್ರವೇಶ ಮಾಡಿದರು. ಈ ಮಂಡಳಿಯ ಸ್ಥಾಪಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಭಾಸ್ಕರಬುವಾ ಬಖಲೆಯವರಲ್ಲಿ ರಾಜಹಂಸರು ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು.

ಪುತ್ರಿವಿಯೋಗ ಮತ್ತು ಮಾನಾಪಮಾನ

ಕೃ. ಪ್ರ. ಖಾಡಿಲಕರರು ರಚಿಸಿ, ಗೋವಿಂದರಾವ್ ಟೆಂಬೆಯವರು ಸಂಗೀತ ಸಂಯೋಜಿಸಿದ ಸಂಗೀತ ಮಾನಾಪಮಾನ ನಾಟಕದ ಪ್ರಥಮ ಪ್ರಯೋಗವು 1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ನಿಗದಿಯಾಗಿತ್ತು. ಅದೇ ದಿನ ರಾಜಹಂಸರ ಎಳೆಯ ಮಗಳು ತೀರಿಕೊಂಡಳು. ಪ್ರಯೋಗವನ್ನು ಮುಂದೂಡಬೇಕೆಂಬ ಮಾತು ಬಂದರೂ ಅವರು ಒಪ್ಪಲಿಲ್ಲ. ಹೊಸ ನಾಟಕವನ್ನು ಕಾಣಲು ಬಂದ ಪ್ರೇಕ್ಷಕರನ್ನು ಬರಿಗೈಯಲ್ಲಿ ಕಳುಹಿಸುವುದು ಅವರಿಗೆ ಸಲ್ಲದ ಸಂಗತಿಯಾಗಿತ್ತು.

ಅಂದು ಅವರದು ಭಾಮಿನಿಯ ಪಾತ್ರ. ಸಿರಿವಂತರ ಮಗಳಾದ ಭಾಮಿನಿ, ಬಡವನೆಂದು ತಾನು ತಿರಸ್ಕರಿಸಿದ ಧೈರ್ಯಧರನ ಗುಣವನ್ನು ಅರಿತು ಅವನಿಗೆ ಮನಸೋಲುವುದು ನಾಟಕದ ಕಥೆ. ದುಃಖವನ್ನು ಹೊರಗೆ ಹಾಕಲು ಅದರಲ್ಲಿ ಎಡೆಯಿರಲಿಲ್ಲ. ಗಂಟೆಗಟ್ಟಲೆ ಗರ್ವ, ನಾಚಿಕೆ, ಅನುರಾಗಗಳನ್ನೇ ಅಭಿನಯಿಸಿ ಹಾಡಬೇಕಿತ್ತು. ನಾಟಕವು ಅಪಾರ ಯಶಸ್ಸನ್ನು ಪಡೆಯಿತು. ತಂದೆಯ ದುಡಿಮೆಗೆ ಹೀಗೆ ರಂಗಸ್ಥಳವಿತ್ತು. ಮಗುವನ್ನು ಕಳೆದುಕೊಂಡ ತಾಯಿ ಲಕ್ಷ್ಮೀಬಾಯಿಯವರಿಗೆ ಅಂತಹ ಆಸರೆ ಇರಲಿಲ್ಲ.

ಗಂಧರ್ವ ನಾಟಕ ಮಂಡಳಿ

1913ರಲ್ಲಿ ಗಣೇಶ ಬೋಡಸ್ ಹಾಗೂ ಟೆಂಬೆಯವರೊಡನೆ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. 1916ರ ಸ್ವಯಂವರದಲ್ಲಿ ರುಕ್ಮಿಣಿಯಾಗಿ ಕೀರ್ತಿ ಪಡೆದರು. 1919ರಲ್ಲಿ ರಂಗಕ್ಕೆ ಬಂದ ರಾಮ ಗಣೇಶ ಗಡಕರಿಯವರ ಏಕಚ್ ಪ್ಯಾಲಾ ನಾಟಕದಲ್ಲಿ ಇವರದು ಸಿಂಧುವಿನ ಪಾತ್ರ. ಕುಡಿತಕ್ಕೆ ದಾಸನಾದ ಗಂಡನ ಕೈಯಿಂದ ಮಗುವನ್ನು ಕಳೆದುಕೊಳ್ಳುವ ಆ ಸಾಧ್ವಿಯ ಪಾತ್ರವು ಇವರ ಶ್ರೇಷ್ಠ ಪಾತ್ರಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಸ್ವತಃ ಮಗುವನ್ನು ಕಳೆದುಕೊಂಡವರು ಆ ದುಃಖವನ್ನು ರಂಗದ ಮೇಲೆ ಮತ್ತೆ ಮತ್ತೆ ಅಭಿನಯಿಸಿದರು. 1921ರ ಜುಲೈ 8ರಂದು ತಿಲಕ ಸ್ವರಾಜ್ಯ ನಿಧಿಗಾಗಿ ಕೇಶವರಾವ್ ಭೋಸಲೆಯವರೊಡನೆ ಸಂಯುಕ್ತ ಮಾನಾಪಮಾನವನ್ನು ಆಡಿದರು.

ಬೆಲೆಬಾಳುವ ವೇಷಭೂಷಣ, ರಂಗಸಜ್ಜಿಕೆ, ಅತ್ತರುಗಳಿಗೆ ಅವರು ಕೈಬಿಚ್ಚಿ ಖರ್ಚು ಮಾಡುತ್ತಿದ್ದುದರಿಂದ ಮಂಡಳಿಯು ಸಾಲದಲ್ಲಿ ಮುಳುಗಿತು. ನಾಟಕಗಳನ್ನು ಆಡುತ್ತಲೇ ಅದನ್ನು ತೀರಿಸಲು ಶ್ರಮಿಸಿದರು. 1935ರಲ್ಲಿ ವಿ. ಶಾಂತಾರಾಮ್ ನಿರ್ದೇಶನದ ಧರ್ಮಾತ್ಮಾ ಚಲನಚಿತ್ರದಲ್ಲಿ ಸಂತ ಏಕನಾಥರಾಗಿ ನಟಿಸಿದರೂ ಮತ್ತೆ ರಂಗಭೂಮಿಗೇ ಮರಳಿದರು.

ಕೊನೆಯ ವರ್ಷಗಳು

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರಾದ ಗಾಯಕಿ ಗೋಹರಬಾಯಿ ಕರ್ನಾಟಕಿಯವರು 1930ರ ದಶಕದ ಕೊನೆಯಲ್ಲಿ ಮಂಡಳಿಯನ್ನು ಸೇರಿದರು. ಇವರು ಹಿನ್ನೆಲೆ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸಹೋದರಿ. 1940ರಲ್ಲಿ ಲಕ್ಷ್ಮೀಬಾಯಿಯವರು ನಿಧನರಾದರು. ಮುಂದೆ 1951ರಲ್ಲಿ ರಾಜಹಂಸರು ಗೋಹರಬಾಯಿಯವರನ್ನು ವಿವಾಹವಾದರು. ಕಾಲುಗಳ ಶಕ್ತಿ ಕುಂದಿ ಅಭಿನಯವು ಅಸಾಧ್ಯವಾದಾಗ ಅವರನ್ನು ನೋಡಿಕೊಂಡವರು ಗೋಹರಬಾಯಿಯವರೇ. 1964ರಲ್ಲಿ ರಾಜಹಂಸರಿಗೆ ಪದ್ಮಭೂಷಣ ದೊರೆಯಿತು. ಅದೇ ವರ್ಷ ಗೋಹರಬಾಯಿಯವರು ತೀರಿಕೊಂಡರು. ದುಃಖವನ್ನು ದುಡಿಮೆಯಲ್ಲಿ ಮರೆಯುವ ಹಾದಿ ಈ ಬಾರಿ ಅವರಿಗೆ ಉಳಿದಿರಲಿಲ್ಲ. ಮೂರು ವರ್ಷಗಳ ಬಳಿಕ ಅವರೂ ನಿಧನರಾದರು.

ಕನ್ನಡ ರಂಗಭೂಮಿಯೊಡನೆ ನಂಟು

ಮರಾಠಿ ಸಂಗೀತ ನಾಟಕಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಜನಪ್ರಿಯವಾಗಿದ್ದವು. ಅವುಗಳೊಡನೆ ಪೈಪೋಟಿ ನಡೆಸುತ್ತಲೇ ಗದಗಿನ ಗರುಡ ಸದಾಶಿವರಾಯರಂತಹವರು ಕನ್ನಡ ಕಂಪನಿಗಳನ್ನು ಬೆಳೆಸಿದರು. ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಮುಂತಾದ ಕಡೆಗಳ ಜಾತ್ರೆಗಳಲ್ಲಿ ಬಿಡಾರ ಹೂಡುವ ನಾಟಕ ಕಂಪನಿಗಳು ಈ ಪರಂಪರೆಯ ಮುಂದುವರಿಕೆಯಾಗಿವೆ. ಪುಣೆಯ ಬಾಲಗಂಧರ್ವ ರಂಗಮಂದಿರಕ್ಕೆ ಇವರ ಹೆಸರನ್ನಿಡಲಾಗಿದೆ.