ಕಾರ್ಡೋಬಾದ ಕರಿಹಕ್ಕಿ ಜಿರ್ಯಾಬ್

ಇತಿಹಾಸದ ಪುಸ್ತಕಗಳಲ್ಲಿ ಅರಸರ ದಂಡಯಾತ್ರೆಗಳಿಗೆ ದೊರೆಯುವ ಸ್ಥಳ ಅವರ ಅಡುಗೆಮನೆಗಳಿಗೆ ದೊರೆಯುವುದಿಲ್ಲ. ಆದರೆ ಗೆದ್ದ ರಾಜ್ಯಗಳು ಅಳಿದ ಮೇಲೂ ಜನರ ಊಟದಲ್ಲಿ, ಉಡುಗೆಯಲ್ಲಿ, ಮನೆಯ ಪರಿಮಳದಲ್ಲಿ ಉಳಿದುಕೊಳ್ಳುವ ನಾಗರಿಕತೆಯೊಂದುಂಟು. ಅಂಥದನ್ನು ಸ್ಪೇನಿನ ಅರಬರಿಗೆ ಕಲಿಸಿದನೆಂದು ಹೆಸರಾದ ಗಾಯಕ ಜಿರ್ಯಾಬನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲೆಳಸುತ್ತೇನೆ.

ಅವನ ನಿಜನಾಮ ಅಬುಲ್ ಹಸನ್ ಅಲಿ ಇಬ್ನ್ ನಾಫಿ. ಹುಟ್ಟಿದ್ದು 789ರ ಸುಮಾರಿಗೆ. ಮೈಬಣ್ಣ ಕಪ್ಪು, ಕಂಠ ಇನಿದು. ಅದರಿಂದಲೇ ಜನ ಅವನನ್ನು ಜಿರ್ಯಾಬ್ ಎಂಬ ಕರಿಹಕ್ಕಿಯ ಹೆಸರಿನಿಂದ ಕರೆದರು. ದಾಸ್ಯದಿಂದ ಬಿಡುಗಡೆ ಹೊಂದಿ ಖಲೀಫರ ಮನೆತನವನ್ನು ಆಶ್ರಯಿಸಿದ್ದವರ ವರ್ಗಕ್ಕೆ ಸೇರಿದ ಆತನು ಬಾಗ್ದಾದಿನ ಆಸ್ಥಾನಗಾಯಕ ಇಸ್‌ಹಾಕ್ ಅಲ್ ಮೌಸಿಲಿಯ ಬಳಿ ಸಂಗೀತ ಕಲಿತನು.

1632ರಲ್ಲಿ ತೀರಿಕೊಂಡ ಚರಿತ್ರಕಾರ ಅಲ್ ಮಕ್ಕರಿ ಹೇಳುವ ಪ್ರಕಾರ, ಖಲೀಫ ಹಾರೂನ್ ಅಲ್ ರಶೀದನ ಮುಂದೆ ಹಾಡುವ ಅವಕಾಶ ಒಮ್ಮೆ ಶಿಷ್ಯನಿಗೆ ಬಂತು. ಗುರುವಿನ ವಾದ್ಯವನ್ನು ಕೊಟ್ಟಾಗ ಅದನ್ನು ವಿನಯದಿಂದ ಒಲ್ಲೆನೆಂದು, ತಾನೇ ಸಿದ್ಧಪಡಿಸಿದ್ದ ಹಗುರವಾದ ಊದ್ ಎಂಬ ತಂತಿವಾದ್ಯವನ್ನು ತರಿಸಿ ನುಡಿಸಿದನು. ಖಲೀಫ ತಲೆದೂಗಿದನು, ಗುರುವಿನ ಎದೆಯಲ್ಲಿ ಮತ್ಸರದ ಕಿಡಿ ಬಿತ್ತು. ಹಣ ಪಡೆದು ದೇಶ ಬಿಡುವುದೋ, ಗುರುವಿನ ಹಗೆಯನ್ನು ಎದುರಿಸುವುದೋ ಎರಡರಲ್ಲೊಂದನ್ನು ಶಿಷ್ಯ ಆರಿಸಬೇಕಾಯಿತು. ಆತನು ಪಶ್ಚಿಮದ ದಾರಿ ಹಿಡಿದನು.

ಉತ್ತರ ಆಫ್ರಿಕದ ಕೈರವಾನಿನಲ್ಲೂ ನೆಲೆ ನಿಲ್ಲಲಿಲ್ಲ. ಹಾಡೊಂದು ಅಲ್ಲಿನ ಅರಸನನ್ನು ಕೆರಳಿಸಿತೆನ್ನುತ್ತಾರೆ. ಸ್ಪೇನಿನ ಅರಸ ಮೊದಲನೆಯ ಅಲ್ ಹಕಮನ ಕರೆಯ ಮೇರೆಗೆ 822ರಲ್ಲಿ ಕಡಲು ದಾಟಿ ಬಂದರೆ, ಆ ಅರಸನೇ ತೀರಿಕೊಂಡಿದ್ದನು. ಹಿಂದಿರುಗಲು ಮನಸ್ಸು ಮಾಡಿದವನನ್ನು ತಡೆದವನು ಮನ್ಸೂರ್ ಎಂಬ ಯೆಹೂದಿ ಗಾಯಕ. ಒಬ್ಬ ಗಾಯಕ ಮುಚ್ಚಿದ ಬಾಗಿಲನ್ನು ಇನ್ನೊಬ್ಬ ಗಾಯಕ ತೆರೆದನು. ಹೊಸ ಅರಸ ಎರಡನೆಯ ಅಬ್ದುಲ್ ರಹಮಾನ್ ತಿಂಗಳಿಗೆ 200 ದಿನಾರ್ ವೇತನವನ್ನೂ, ರಂಜಾನ್ ಉಪವಾಸ ಮುಗಿಯುವ ಹಬ್ಬಕ್ಕೆ ಮತ್ತು ಬಕ್ರೀದಿಗೆ ತಲಾ 1000 ದಿನಾರ್ ಉಡುಗೊರೆಯನ್ನೂ ಗೊತ್ತುಮಾಡಿದನೆಂದು ಅಲ್ ಮಕ್ಕರಿಯ ಲೆಕ್ಕ.

ರಾಜಧಾನಿ ಕಾರ್ಡೋಬಾದಲ್ಲಿ ಆತನು ಊದ್ ವಾದ್ಯದ ನಾಲ್ಕು ತಂತಿಗಳಿಗೆ ಐದನೆಯದನ್ನು ಸೇರಿಸಿದನು. ಶಿಷ್ಯರನ್ನು ತಯಾರು ಮಾಡಿದನು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವನ ಊಟದ ಪಾಠ. ಮರದ ಮೇಜಿಗಿಂತ ಹದಮಾಡಿದ ತೊಗಲಿನ ಹಾಸು ಮೇಲೆಂದು ತೋರಿಸಿಕೊಟ್ಟನು. ಒರೆಸಿದರೆ ಅದರಲ್ಲಿ ಜಿಡ್ಡು ಉಳಿಯದು. ಬೆಳ್ಳಿಬಂಗಾರದ ಪಾತ್ರೆಗಳಿಗಿಂತ ತೆಳುಗಾಜಿನವನ್ನು ಮೆಚ್ಚಿದನು. ಹಸಿ ಕೊತ್ತಂಬರಿಯ ರಸದಲ್ಲಿ ಬೆಂದ ತಫಾಯ ಎಂಬ ಭಕ್ಷ್ಯವನ್ನು, ನಮ್ಮ ಸಮೋಸದ ನಂಟನಾದ ಸಂಬೂಸಕ್‌ನೊಡನೆ ಬಡಿಸುವುದನ್ನು ಕಲಿಸಿದನು. ಮೊದಲು ಸಾರು, ನಡುವೆ ಮಾಂಸ, ಕೊನೆಗೆ ಸಿಹಿ ಎಂಬ ಕ್ರಮವನ್ನೂ ಅವನ ಹೆಸರಿಗೆ ಹಚ್ಚುವುದುಂಟು. ಬೆವರಿನ ವಾಸನೆಗೆ ಅಲ್ಲಿನ ಅರಸರು ಹೂವಿನ ಪುಡಿ ಬಳಸಿ ಬಟ್ಟೆಗೆ ಕಲೆ ಮಾಡಿಕೊಳ್ಳುತ್ತಿದ್ದರು. ಸೀಸದಿಂದಾದ ಪುಡಿಯೊಂದನ್ನು ಕಲೆಯಾಗದಂತೆ ಶುದ್ಧಿಮಾಡಿ ಬಳಸುವುದನ್ನು ಆತನು ಹೇಳಿಕೊಟ್ಟನು. ಸೀಸ ಮೈಗೆ ಹಾನಿಕರವೆಂದು ಇಂದು ನಾವು ಬಲ್ಲೆವು.

ಇದೆಲ್ಲವೂ ಒಬ್ಬನ ಕೈಯಿಂದಲೇ ಆಯಿತೆಂದು ಈಗಿನ ಇತಿಹಾಸಕಾರರು ಒಪ್ಪುವುದಿಲ್ಲ; ಕಾಲಕ್ರಮದಲ್ಲಿ ಕಥೆ ಬೆಳೆದಿದೆ ಎನ್ನುತ್ತಾರೆ. ಆದರೂ ಅರಬರ ರಂಜಾನ್ ಸಂಜೆಯಲ್ಲಿ ಆ ಕಥೆಯ ನೆನಪು ಸುಳಿಯುತ್ತದೆ. ಖರ್ಜೂರದಿಂದ ಉಪವಾಸ ಬಿಟ್ಟ ಮೇಲೆ ಮೊರೊಕ್ಕೊದಲ್ಲಿ ಹರೀರ ಎಂಬ ಸಾರು ಬರುತ್ತದೆ. ಕೊಲ್ಲಿಯ ನಾಡುಗಳಲ್ಲಿ ಸಂಬೂಸಕ್ ಇಲ್ಲದ ಊಟವಿಲ್ಲ. ಅಲ್ಲಿ ಕೆಂಡದ ಮೇಲೆ ಅಗರು ಮರದ ಚೂರುಗಳನ್ನಿಟ್ಟು ಮನೆಯನ್ನೂ ಅತಿಥಿಗಳ ಉಡುಪನ್ನೂ ಧೂಪಿಸುತ್ತಾರೆ. ಅರಬ್ಬಿಯಲ್ಲಿ ಊದ್ ಎಂದರೆ ಮರ. ಜಿರ್ಯಾಬನ ವಾದ್ಯಕ್ಕೂ ಈ ಅಗರಿಗೂ ಅದೊಂದೇ ಹೆಸರು. ನಮ್ಮ ಊದುಬತ್ತಿಯಲ್ಲಿರುವ ಊದೂ ಅದೇ!

ಜಿರ್ಯಾಬನು 857ರ ಸುಮಾರಿಗೆ ಕಾಲವಾದನು. ಅವನ ಮಕ್ಕಳೂ ಹಾಡುಗಾರರಾಗಿ ವಿದ್ಯೆಯನ್ನು ಮುಂದುವರಿಸಿದರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಯ, ನಾಜೂಕು, ಸಭ್ಯತೆ ಇವು ದೊಡ್ಡ ಮನೆತನಗಳ ಸೊತ್ತೆಂಬ ಮಾತನ್ನು ನಾನೂ ಕೇಳಿದ್ದೇನೆ. ದಾಸರ ಸಾಲಿನಿಂದ ಬಂದು, ಎರಡು ಆಸ್ಥಾನಗಳಿಂದ ಹೊರದೂಡಲ್ಪಟ್ಟವನ ಮುಂದೆ ಕುಳಿತು ಅರಸರು ಉಣ್ಣುವುದನ್ನು ಕಲಿತರೆಂಬ ಈ ವೃತ್ತಾಂತ ಆ ಮಾತಿಗೆ ತಕ್ಕ ಉತ್ತರ. ಕಲಿತವನದೇ ವಿದ್ಯೆ; ಕಲಿಸಿದವನದೇ ಕೀರ್ತಿ.