ಆಚಾರ್ಯ ಜಗದೀಶಚಂದ್ರ ಬೋಸರೂ ನಮ್ಮ ಕೈಯ ಫೋನೂ

ಬೆಳಗಿನ ಹೊತ್ತು ಗುಬ್ಬಿಯ ಕಡೆಯಿಂದಲೂ ಕುಣಿಗಲಿನ ಕಡೆಯಿಂದಲೂ ತುಮಕೂರಿಗೆ ಬರುವ ಬಸ್ಸುಗಳನ್ನು ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು. ಕುಳಿತವರು, ನಿಂತವರು, ಬಾಗಿಲ ಬಳಿ ಕಂಬಿ ಹಿಡಿದು ಜೋಲುವವರು, ಎಲ್ಲರ ಕಿವಿಗೋ ಕೈಗೋ ಒಂದು ಮೊಬೈಲ್ ಫೋನು ಅಂಟಿಕೊಂಡಿರುತ್ತದೆ. ಅದೇ ಜನರು ತಮ್ಮ ಬೀದಿಯಲ್ಲೊಂದು ಟವರ್ ಏಳುವುದೆಂದು ಕೇಳಿದರೆ ಸಾಕು, ಗಾಬರಿಗೊಳ್ಳುತ್ತಾರೆ. ಹಸುಗೂಸಿರುವ ಮನೆಯವರ ಆ ಗಾಬರಿಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ನಡುರಾತ್ರಿಯಲ್ಲಿ ಸಿಗ್ನಲ್ ಸಿಗದೆ ಆಂಬುಲೆನ್ಸನ್ನು ಕರೆಯಲಾರದ ಹಳ್ಳಿಯವರ ಸಂಕಟವೂ ಸುಳ್ಳಲ್ಲ. ಈ ಎರಡರ ನಡುವೆ ನಾವು ತೀರ್ಪು ಹೇಳುವುದಕ್ಕೆ ಮೊದಲು, ಕಣ್ಣಿಗೆ ಕಾಣದ ಈ ತರಂಗಗಳನ್ನು ನಮ್ಮ ದೇಶದಲ್ಲಿ ಮೊದಮೊದಲು ಹಿಡಿದು ಪಳಗಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ತಿಳಿಯುವುದು ಲೇಸು. ಅವರೇ ಆಚಾರ್ಯ ಜಗದೀಶಚಂದ್ರ ಬೋಸರು.

ಬೋಸರು ಹುಟ್ಟಿದುದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗಿನಲ್ಲಿ. ತಂದೆ ಭಗವಾನಚಂದ್ರರು ಸರ್ಕಾರದ ಉನ್ನತ ಅಧಿಕಾರಿಗಳು. ಅಂಥವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ಅಂದಿನ ಪದ್ಧತಿಯಾಗಿದ್ದರೂ, ಆ ತಂದೆ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಸೇರಿಸಿದರು. ಬೆಸ್ತರ ಹುಡುಗನೊಬ್ಬನೂ ಮನೆಯ ಮುಸಲ್ಮಾನ ಸೇವಕನ ಮಗನೂ ಅಲ್ಲಿ ಬಾಲಕನ ಒಡನಾಡಿಗಳಾದರು. ಹೊಳೆಯ ಜೀವಿಗಳ ಕಥೆಗಳನ್ನು ಈ ಗೆಳೆಯರಿಂದ ಕೇಳಿದ ಹುಡುಗನಲ್ಲಿ ಪ್ರಕೃತಿಯ ಮೇಲಣ ಕುತೂಹಲ ಆಗಲೇ ಬೇರೂರಿತು. ಮಾತೃಭಾಷೆಯಲ್ಲಿ ಓದಿದವನು ಹಿಂದುಳಿಯುವನೆಂದು ಹೆದರುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಗುರುಗಳು ಭೌತಶಾಸ್ತ್ರದ ರುಚಿ ಹತ್ತಿಸಿದರು. 1880ರಲ್ಲಿ ಬೋಸರು ವೈದ್ಯಶಾಸ್ತ್ರವನ್ನು ಕಲಿಯಲು ಲಂಡನ್ನಿಗೆ ಹೋದರು. ಆದರೆ ಮೊದಲೇ ಅಂಟಿಕೊಂಡಿದ್ದ ಜ್ವರವು ಶವಚ್ಛೇದನದ ಕೊಠಡಿಯ ವಾಸನೆಯಿಂದ ಮತ್ತಷ್ಟು ಉಲ್ಬಣಿಸಿತು. ವೈದ್ಯರಾಗುವ ಆಸೆಯನ್ನು ಬಿಟ್ಟು ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ, ಲಾರ್ಡ್ ರ್‍ಯಾಲೆಯವರಂತಹ ಗುರುಗಳ ಬಳಿ ವಿಜ್ಞಾನವನ್ನು ಕಲಿತು, ಪದವೀಧರರಾಗಿ 1885ರಲ್ಲಿ ತಾಯ್ನಾಡಿಗೆ ಮರಳಿದರು.

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಪ್ರಾಧ್ಯಾಪಕ ಪದವಿಯೇನೋ ದೊರೆಯಿತು. ಆದರೆ ಭಾರತೀಯರಿಗೆ ಯೂರೋಪಿಯನ್ನರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ. ಹಂಗಾಮಿ ನೇಮಕವೆಂದು ಅದರಲ್ಲಿಯೂ ಅರ್ಧ. ಬೋಸರು ಜಗಳವಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಒಂದು ಪಾಠವನ್ನೂ ತಪ್ಪಿಸದೆ ಮೂರು ವರ್ಷ ದುಡಿದರು; ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಈ ನಡುವೆ, 1887ರಲ್ಲಿ, ಅಬಲಾ ದೇವಿಯವರ ಕೈಹಿಡಿದಿದ್ದರು. ಸಂಸಾರದ ಭಾರವಿತ್ತು, ತಂದೆಯವರ ಸಾಲವಿತ್ತು. ಕೊನೆಗೆ ಸರ್ಕಾರವೇ ಮಣಿದು ಪೂರ್ಣ ಸಂಬಳವನ್ನು ಹಿಂದಿನ ಬಾಕಿಯೊಡನೆ ಕೊಟ್ಟಿತು. ಆ ಹಣ ತಂದೆಯ ಸಾಲಕ್ಕೆ ಸಂದಿತು.

ಕುಣಿಗಲ್ ಕೆರೆಯಲ್ಲಿ ಕಲ್ಲೊಂದನ್ನು ಎಸೆದರೆ ಅಲೆಗಳು ಉಂಗುರ ಉಂಗುರವಾಗಿ ಹರಡುವುದನ್ನು ನಾವು ಕಂಡಿದ್ದೇವೆ. ವಿದ್ಯುತ್ತಿನ ಕಿಡಿಯಿಂದಲೂ ಹಾಗೆಯೇ ಅಲೆಗಳೇಳುತ್ತವೆಂದು ಜರ್ಮನಿಯ ಹೈನ್ರಿಕ್ ಹರ್ಟ್ಸ್ 1888ರ ವೇಳೆಗೆ ತೋರಿಸಿದ್ದರು. ಅವರ ಅಲೆಗಳು ದೊಡ್ಡವು. ಬೋಸರು 1894ರಲ್ಲಿ, ಸ್ನಾನದ ಮನೆಯಷ್ಟು ಚಿಕ್ಕ ಕೊಠಡಿಯೊಂದರಲ್ಲಿ, ಒಬ್ಬ ತಗಡಿನ ಕೆಲಸಗಾರನ ನೆರವಿನಿಂದ ತಾವೇ ಉಪಕರಣಗಳನ್ನು ಮಾಡಿಸಿ, 5 ಮಿಲಿಮೀಟರಿನಷ್ಟು ಕಿರಿದಾದ ಅಲೆಗಳನ್ನು ಹುಟ್ಟಿಸಿದರು. ತಿರುಚಿದ ಸೆಣಬಿನ ಕಟ್ಟಿನಿಂದ ಆ ಅಲೆಗಳ ಕಂಪನದ ದಿಕ್ಕನ್ನು ತಿರುಗಿಸಿದರು. ಅಂದಿನ ಅಳತೆಯ ಅಲೆಗಳನ್ನು ಇಂದಿನ ಭಾಷೆಯಲ್ಲಿ ಸುಮಾರು 60 ಗಿಗಾಹರ್ಟ್ಸ್ ಎನ್ನುತ್ತೇವೆ. ನಮ್ಮ ದೇಶದಲ್ಲಿ 2022ರಲ್ಲಿ 5ಜಿ ಸೇವೆಗಾಗಿ ಹರಾಜಾದ ಪಟ್ಟಿಗಳಲ್ಲಿ ಅತಿ ಮೇಲಿನದು 26 ಗಿಗಾಹರ್ಟ್ಸ್. ಹೊಸತೆಂದು ನಾವು ಬೆದರುವ ತರಂಗವು ಕಲ್ಕತ್ತೆಗೆ ನೂರಿಪ್ಪತ್ತೈದು ವರ್ಷಕ್ಕೂ ಹಿಂದಿನ ಪರಿಚಯ!

1895ರ ಸುಮಾರಿಗೆ ಕಲ್ಕತ್ತೆಯ ಪುರಭವನದಲ್ಲಿ ನಡೆದ ಪ್ರದರ್ಶನ ಪ್ರಸಿದ್ಧವಾದುದು. ಬೋಸರು ಕಳುಹಿಸಿದ ತರಂಗವು ಲೆಫ್ಟಿನೆಂಟ್ ಗವರ್ನರ್ ಮೆಕೆಂಜಿಯವರ ಶರೀರ ಅಡ್ಡವಾಗಿದ್ದರೂ ನಿಲ್ಲದೆ, ಗೋಡೆಗಳಾಚೆಯ ಗಂಟೆಯನ್ನು ಬಾರಿಸಿ ಮದ್ದನ್ನು ಸಿಡಿಸಿತು. ಸಭೆ ಬೆರಗಾಯಿತು. ಆದರೆ ಅಂಥ ತರಂಗ ಮನುಷ್ಯದೇಹಕ್ಕೆ ತಗುಲಿದಾಗ ಅಲ್ಲಿ ಏನು ನಡೆಯುವುದೆಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಉಪನ್ಯಾಸವಿತ್ತರು. ಹಣ ಮಾಡುವ ದಾರಿ ತೆರೆದಿದ್ದರೂ ಪೇಟೆಂಟಿನ ಕಡೆ ಅವರ ಮನಸ್ಸು ತಿರುಗಲಿಲ್ಲ. ಸ್ನೇಹಿತರ ಒತ್ತಾಯದಿಂದ ಅಮೆರಿಕೆಯಲ್ಲಿ ಪಡೆದ ಒಂದು ಪೇಟೆಂಟು 1904ರಲ್ಲಿ ಮಂಜೂರಾಯಿತು, ಅದರಿಂದಲೂ ಲಾಭವನ್ನು ಬಯಸಲಿಲ್ಲ. ಆ ವೇಳೆಗೆ ಅವರ ಚಿತ್ತ ಜೀವಿಗಳತ್ತ ಹರಿದಿತ್ತು. ಗಿಡಗಳ ಬೆಳವಣಿಗೆಯನ್ನು ಲಕ್ಷಾಂತರ ಪಾಲು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನು ರಚಿಸಿದರು. ಪಂಡಿತರು ಕೆಲವರು ಒಪ್ಪಲಿಲ್ಲ, ಕೆಲವು ಪ್ರಬಂಧಗಳಿಗೆ ಅಡ್ಡಿಯೂ ಬಂದಿತು. 1917ರ ನವೆಂಬರ್ 30ರಂದು, ತಮ್ಮ ಹುಟ್ಟಿದ ದಿನವೇ, ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು.

ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದ ಕೆಲಸವನ್ನು ಅವರು 1919ರಲ್ಲಿ ಪ್ರಕಟಿಸಿದರು. ಗಿಡಗಳಿಗೆ ನಿಸ್ತಂತು ತರಂಗವನ್ನು ತಗುಲಿಸಿ ನೋಡಿದರು. ದುರ್ಬಲವಾದ ತರಂಗಕ್ಕೆ ಬೆಳವಣಿಗೆ ತುಸು ಚುರುಕಾಯಿತು, ಪ್ರಬಲವಾದುದಕ್ಕೆ ಮಂದವಾಯಿತು. ಗಿಡದ ಈ ಪ್ರಯೋಗದಿಂದ ಮನುಷ್ಯನ ಆರೋಗ್ಯವನ್ನು ನಿರ್ಣಯಿಸಲಾಗದು. ಆದರೆ ತರಂಗ ಒಳ್ಳೆಯದೋ ಕೆಟ್ಟದೋ ಎಂಬುದಕ್ಕಿಂತ ಎಷ್ಟು ಎಂಬುದೇ ಮೊದಲ ಪ್ರಶ್ನೆ ಎಂಬ ವಿವೇಕವನ್ನು ಅದರಿಂದ ಕಲಿಯಬಹುದು.

ಇಂದಿನ ಮಿತಿಗಳೆಲ್ಲ ಈ ಎಷ್ಟು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳೇ. ಫೋನಿನ ತರಂಗಕ್ಕೆ ಎಕ್ಸ್‌ಕಿರಣದಂತೆ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುವ ಶಕ್ತಿಯಿಲ್ಲ. ಅದರ ಖಚಿತವಾದ ಪರಿಣಾಮವೆಂದರೆ ಶರೀರವನ್ನು ಬಿಸಿ ಮಾಡುವುದು. ಆ ಬಿಸಿ ತೊಂದರೆ ಕೊಡಬಹುದಾದ ಮಟ್ಟವನ್ನು ಗುರುತಿಸಿ, ಅದರ 50ರಲ್ಲಿ ಒಂದು ಪಾಲನ್ನು ಇಡೀ ದೇಹಕ್ಕೆ ತಗುಲುವ ತರಂಗದ ಮಿತಿಯಾಗಿ ಅಂತರರಾಷ್ಟ್ರೀಯ ಆಯೋಗವು ಜನಸಾಮಾನ್ಯರಿಗೆ ಗೊತ್ತುಮಾಡಿತು. ನಮ್ಮ ದೇಶ 2008ರಲ್ಲಿ ಅದನ್ನು ಸ್ವೀಕರಿಸಿ, 2012ರ ಸೆಪ್ಟೆಂಬರ್ 1ರಿಂದ ಟವರುಗಳ ಮಿತಿಯನ್ನು ಮತ್ತೆ ಹತ್ತರಲ್ಲಿ ಒಂದಕ್ಕೆ ಇಳಿಸಿತು; 900 ಮೆಗಾಹರ್ಟ್ಸಿನಲ್ಲಿ ಚದರ ಮೀಟರಿಗೆ 4.5 ವಾಟ್ ಇದ್ದುದು 0.45 ವಾಟ್ ಆಯಿತು. ಕೈಯ ಫೋನಿಗೆ ಬೇರೆ ಮಿತಿ: ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಮಿಗೆ 1.6 ವಾಟ್. ದೀರ್ಘಕಾಲದ ಬಳಕೆಯ ವಿಚಾರ ಪೂರ್ತಿ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ತರಂಗಗಳನ್ನು ಕ್ಯಾನ್ಸರಿಗೆ ಪ್ರಾಯಶಃ ಕಾರಣವಾಗಬಹುದಾದವುಗಳ ಗುಂಪಿಗೆ ಸೇರಿಸಿತು. ಅದು ಅಪರಾಧದ ತೀರ್ಪಲ್ಲ, ಸಂದೇಹ ಉಳಿದಿದೆಯೆಂಬ ಮಾತು.

ಇಲ್ಲೊಂದು ವಿಪರ್ಯಾಸವಿದೆ. ಸಿದ್ಧಗಂಗೆಯ ಬೆಟ್ಟದ ಮೇಲಿನ ದೀಪದ ಬೆಳಕು ದೂರ ಹೋದಂತೆ ಕ್ಷೀಣಿಸುವ ಹಾಗೆ, ಟವರಿನ ತರಂಗವೂ ದೂರಕ್ಕೆ ಬೇಗನೆ ಕುಗ್ಗುತ್ತದೆ. ಕಿವಿಗೆ ಒತ್ತಿಕೊಂಡ ಫೋನಿಗೆ ಮಾತ್ರ ದೂರವೆಂಬುದೇ ಇಲ್ಲ. ಟವರ್ ದೂರವಾದಷ್ಟೂ, ಸಿಗ್ನಲ್ ಸೊರಗಿದಷ್ಟೂ, ಫೋನು ತನ್ನ ಶಕ್ತಿಯನ್ನು ಹೆಚ್ಚಿಸಿಕೊಂಡು ಕೂಗುತ್ತದೆ. ಟವರನ್ನು ಊರಾಚೆಗೆ ಅಟ್ಟಿ, ಸಿಗ್ನಲ್ ಇಲ್ಲದ ದಾರಿಯ ಬಸ್ಸಿನಲ್ಲಿ ಗಂಟೆಗಟ್ಟಲೆ ಮಾತನಾಡುವವನು ಯಾವುದಕ್ಕೆ ಹೆದರಿದನೋ ಅದನ್ನೇ ತಲೆಯ ಹತ್ತಿರಕ್ಕೆ ತಂದುಕೊಂಡಂತಾಯಿತು. ಅಂಥಲ್ಲಿ ಮಾತನ್ನು ಮೊಟಕುಮಾಡುವುದು, ಫೋನನ್ನು ಕಿವಿಯಿಂದ ದೂರವಿಟ್ಟು ಇಯರ್‌ಫೋನಿನಲ್ಲಿ ಕೇಳುವುದು ಖರ್ಚಿಲ್ಲದ ಜಾಣತನ. ಟವರಿನ ಬಗೆಗೆ ಶಂಕೆಯುಳ್ಳವರು ಅದರ ತರಂಗವನ್ನು ಅಳೆದು ತೋರಿಸಿರೆಂದು ಕೇಳುವುದು ನ್ಯಾಯ. ಅಳೆಯದೆ ಭಯ ಹುಟ್ಟಿಸುವುದೂ ಅಳೆಯದೆ ಅಭಯ ಕೊಡುವುದೂ ಎರಡೂ ತಪ್ಪು.

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದಾಗ ಬೋಸರು ಇನ್ನೂ ಬದುಕಿದ್ದರು. ಎರಡು ವರ್ಷದ ತರುವಾಯ, 1937ರ ನವೆಂಬರ್ 23ರಂದು, ಗಿರಿಡಿಯಲ್ಲಿ ಅವರು ಕಾಲವಾದರು. ಅವರ ಮಿಲಿಮೀಟರ್ ತರಂಗದ ಪ್ರಯೋಗಗಳನ್ನು ಜಗತ್ತಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯು ಮೈಲಿಗಲ್ಲೆಂದು ಗೌರವಿಸಿದುದು 2012ರಲ್ಲಿ, ನಮ್ಮ ಟವರುಗಳಿಗೆ ಕಟ್ಟುನಿಟ್ಟಿನ ಮಿತಿ ಬಂದ ಅದೇ ವರ್ಷ.

ಕಲಾ ವಿದ್ಯಾರ್ಥಿಗಳಾದ ನಮಗೆ ಈ ಲೆಕ್ಕಗಳೆಲ್ಲ ಏಕೆಂದು ಕೆಲವರು ಕೇಳಬಹುದು. ನಾಳೆ ಊರಿನ ಸಭೆಯಲ್ಲಿ ಟವರಿನ ಮಾತು ಬಂದಾಗ ಓದಿದವರೆಂದು ಜನರು ನೋಡುವುದು ನಮ್ಮ ಮುಖವನ್ನೇ. ಸಂಬಳವಿಲ್ಲದೆಯೂ ಪಾಠವನ್ನು ಬಿಡದ, ಗಿಡದ ಕೂದಲೆಳೆಯ ಬೆಳವಣಿಗೆಯನ್ನೂ ಅಳೆಯದೆ ಮಾತನಾಡದ ಆ ಆಚಾರ್ಯರನ್ನು ಅಂದು ನೆನೆದು, ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳಿದರೆ ನಮ್ಮ ವಿದ್ಯೆ ಸಾರ್ಥಕವಾದೀತು.